ಹನುಮವ್ವನ ಕರಿಮಣ್ಣು

ಭಾಂಡುಪ್‌ನ ಗುಡ್ಡದ ಬುಡದಲ್ಲಿ, ಚಾಳುಗಳ ಸಾಲು ಮುಗಿದು ಕಲ್ಲು ಶುರುವಾಗುವಲ್ಲಿ, ಒಂದು ರುದ್ರಭೂಮಿ ಇದೆ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದ ಲಿಂಗಾಯತ ಮನೆತನಗಳು ತಮ್ಮವರನ್ನು ಕುಣಿಯಲ್ಲಿ ಕೂರಿಸಿ ಮಣ್ಣು ಮಾಡುವುದು ಅಲ್ಲಿ. ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಹನುಮವ್ವ ಇರುತ್ತಾಳೆ. ಅವಳ ಬಾಯಿಗೆ ಹೆದರದವರೆಂದರೆ ಮಣ್ಣೊಳಗೆ ಕೂತವರು ಮಾತ್ರ ಎಂದು ಸಮಾಜದ ಜನ ಹೇಳುತ್ತಾರೆ. ಅವಳು ಸಿಟ್ಟಿಗೆದ್ದ ದಿನ ಗೇಟಿನಾಚೆಯ ವಡಾಪಾವ್ ಗಾಡಿಯವನು ಒಲೆಯ ಉರಿ ಸಣ್ಣ ಮಾಡಿ ಕಿವಿಗೊಡುತ್ತಾನೆ.

ಅವಳು ಡೋಣಿ ಹೊಳೆಯ ಸಾಲಿನವಳು. ವಿಜಯಪುರ ಜಿಲ್ಲೆಯ ಆ ಕರಿಮಣ್ಣಿನ ಎರಿ ಭೂಮಿಯಲ್ಲಿ ಬೇಸಿಗೆಗೆ ನೆಲ ಬಿರಿದರೆ ಆಡಿನ ಮರಿಯ ಕಾಲು ಸಿಕ್ಕಿಬೀಳುತ್ತದೆ, ಮಳೆ ಬಿದ್ದರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಅಂಥಲ್ಲಿಂದ ಬಂದವಳಿಗೆ ಗಂಡ ಖಂಡಪ್ಪ ತೋರಿಸಿದ್ದು ಈ ಕಲ್ಲು ನೆಲ. ಅವನು ಇಲ್ಲಿನ ಪಂಪ್ ಕಾರ್ಖಾನೆಯೊಂದರಲ್ಲಿ ಹಮಾಲಿ ಮಾಡಿಕೊಂಡಿದ್ದ. ಕಾರ್ಖಾನೆಗೆ ಬೀಗ ಬಿದ್ದಾಗ ಸಮಾಜದ ಹಿರಿಯರು ರುದ್ರಭೂಮಿ ನೋಡಿಕೊಳ್ಳುವ ಕೆಲಸ ಕೊಟ್ಟು, ತಗಡಿನ ಕೋಣೆಯ ಕೀಲಿ ಕೈಗಿಟ್ಟರು.

"ಹೆಣಗಳ ನಡುವ ಇಡಾಕ ಕರಕೊಂಡು ಬಂದಿ ಏನು ನನ್ನ?" ಎಂದು ಹನುಮವ್ವ ಮೊದಲ ದಿನವೇ ಕೂಗಾಡಿದಳು.

"ಅವರೇನೂ ಅನ್ನಂಗಿಲ್ಲ ಬಿಡು. ನೀನೂ ಸುಮ್ಕಿರು," ಎಂದ ಖಂಡಪ್ಪ.

ಆ ಜಾಗ ಸಮಾಜಕ್ಕೆ ಸಿಕ್ಕಿದ್ದೇ ಅದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ಗೇಣು ಅಗೆದರೆ ಗರಸು, ಅದರ ಕೆಳಗೆ ಕರಿಕಲ್ಲು. ಹಾರೆ ಬಿದ್ದಲ್ಲಿ ಕಿಡಿ ಹಾರುತ್ತಿತ್ತು. ಒಂದು ಕುಣಿ ತೋಡುವಷ್ಟರಲ್ಲಿ ಖಂಡಪ್ಪನ ಅಂಗೈ ಬೊಬ್ಬೆ ಎದ್ದು ಒಡೆಯುತ್ತಿತ್ತು. ಅಂಥ ಕುಣಿಯಲ್ಲಿ ಕೂರಿಸಿದವರು ವರ್ಷಗಟ್ಟಲೆ ಹಾಗೇ ಇರುತ್ತಿದ್ದರು. ಮುಂಬಯಿಯಲ್ಲಿ ಸತ್ತವರಿಗೂ ಜಾಗ ಸಾಲದು. ಹಳೆಯ ಕುಣಿಯನ್ನೇ ಮತ್ತೆ ತೆರೆದು ಇನ್ನೊಬ್ಬರಿಗೆ ಕೊಡಬೇಕು. ತೆರೆದಾಗ ಏನು ಕಂಡೀತೋ ಎಂದು ಖಂಡಪ್ಪ ಕೊನೆಯ ಸಲಿಕೆ ಎತ್ತುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದ.

ಅಲ್ಲಿ ಮಣ್ಣು ಹುಟ್ಟಿದ್ದು ಒಂದು ಜಗಳದಿಂದ. ಹಾರ, ಬಿಲ್ವಪತ್ರಿ, ಬಾಳೆಲೆ, ಬಿದಿರಿನ ಚಟ್ಟದ ಚೂರು ಎಲ್ಲವನ್ನೂ ಹನುಮವ್ವ ಗುಡಿಸಿ ಗೇಟಿನ ಹೊರಗಿಡುತ್ತಿದ್ದಳು. ಕಸದ ಲಾರಿಯವರು ಸ್ಮಶಾನದ್ದೆಂದು ಮುಟ್ಟುತ್ತಿರಲಿಲ್ಲ. ಒಂದು ದಿನ ಅವಳು ಬುಟ್ಟಿ ಎತ್ತಿಕೊಂಡು ಲಾರಿಯ ಹಿಂದೆಯೇ ಓಡಿ, ಬಾಯಿಗೆ ಬಂದಂತೆ ಬೈದು, "ನಿಮ್ಮ ಗಾಡಿ ನಿಮ್ಮ ತಲಿ ಮ್ಯಾಲ ಹೊತ್ಕೊಂಡು ಹೋಗ್ರಿ" ಎಂದು ವಾಪಸು ಬಂದಳು. ಬಂದವಳು ಬುಟ್ಟಿಯನ್ನು ಕೋಣೆಯ ಹಿಂದಿನ ಕಲ್ಲಿನ ತಗ್ಗಿಗೆ ಸುರಿದಳು. ದಿನವೂ ಅದೇ ಮಾಡಿದಳು. ಮಳೆಗಾಲದಲ್ಲಿ ಅದು ನಾತ ಹೊಡೆಯಿತು, ಗಂಡ ಮೂಗು ಮುಚ್ಚಿಕೊಂಡು ಗೊಣಗಿದ. ದೀಪಾವಳಿಯ ಹೊತ್ತಿಗೆ ನಾತ ಹೋಗಿತ್ತು. ಸಲಿಕೆ ಹಾಕಿದರೆ ಕಪ್ಪಗೆ, ಬೆಲ್ಲದ ಪುಡಿಯಂತೆ ಉದುರುವ ಏನೋ ಬಂತು. ಅದರೊಳಗೆ ಎರೆಹುಳ ಒಂದರ ಮೇಲೊಂದು ಹೊರಳಾಡುತ್ತಿದ್ದವು. ಮುಂಬಯಿಗೆ ಬಂದ ಮೇಲೆ ಮೊದಲ ಸಲ ಅವಳ ಮೂಗಿಗೆ ಡೋಣಿ ಸಾಲಿನ ಮಳೆಯ ವಾಸನೆ ಹತ್ತಿತು.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಿಂದ ಚಹಾದ ಚರಟ ತಂದಳು, ಚಾಳಿನವರ ಆಡಿನ ಹಿಕ್ಕೆ ತಂದಳು. ಖಂಡಪ್ಪ ಬಿಲ್ವದ ಗಿಡ ನೆಟ್ಟ, ಹೊಂಗೆ ನೆಟ್ಟ. ಅತ್ತಿಯೊಂದು ತಾನಾಗಿಯೇ ಬಂಡೆಯ ಸಂದಿನಲ್ಲಿ ಹುಟ್ಟಿ ಬೇರಿನಿಂದ ಬಂಡೆಯನ್ನು ಸೀಳಿತು. ಮಳೆ ನೆನೆದು, ಬಿಸಿಲಿಗೆ ಕಾದು, ಆ ಕರಿಕಲ್ಲೂ ಉಳ್ಳಾಗಡ್ಡಿಯಂತೆ ಪದರು ಪದರಾಗಿ ಬಿಚ್ಚತೊಡಗಿತು. ಪದರು ಕಂದಾಗಿ, ಕೈಯಲ್ಲಿ ತಿಕ್ಕಿದರೆ ಪುಡಿಯಾಗುತ್ತಿತ್ತು. ಎಲೆ ಉದುರಿತು, ಹುಳ ಉತ್ತಿತು, ಮಳೆ ಒಳಗಿಳಿಸಿತು. ವರ್ಷಗಳು ಉರುಳಿದಂತೆ ಕಪ್ಪು ಮಣ್ಣು ಗೇಣಾಯಿತು, ಮೊಳವಾಯಿತು. ಕುಣಿಗೆ ಅದನ್ನೇ ತುಂಬತೊಡಗಿದ ಮೇಲೆ ಅದರಲ್ಲಿ ಕೂತವರು ಮಾತಿಲ್ಲದೆ ಮಣ್ಣಾದರು. ಕುಣಿ ಮತ್ತೆ ತೆರೆದರೆ ನಾಲ್ಕು ಎಲುಬು, ಲಿಂಗದ ಕರಡಿಗೆ, ಅಷ್ಟೇ. ಖಂಡಪ್ಪ ಎದೆನೋವಿನಿಂದ ತೀರಿಕೊಂಡಾಗ ಹನುಮವ್ವ ಅವನನ್ನು ಬಿಲ್ವದ ಬುಡದಲ್ಲಿ ಆ ಮಣ್ಣಿಗೇ ಒಪ್ಪಿಸಿದಳು. ಮೇಲೊಂದು ಕಲ್ಲು ಇಟ್ಟಳು. ಕಟ್ಟೆ ಕಟ್ಟಿಸುವಷ್ಟು ಅನುಕೂಲ ಇರಲಿಲ್ಲ. ಅವನ ಕೆಲಸ ಅವಳ ಪಾಲಿಗೆ ಬಂತು. ಅಗೆಯುವ ಆಳುಗಳನ್ನು ಕೂಲಿಯವರು ನಿಲ್ಲುವ ನಾಕಾದಿಂದ ಕರೆತರುತ್ತಿದ್ದಳು.

ಹೀಗಿರುವಾಗ ಗುರುಬಸವ ಸಮಾಜದ ಅಧ್ಯಕ್ಷನಾದ. ಮುಲುಂಡ್‌ನಲ್ಲಿ ಅವನದು ಬಟ್ಟೆ ಅಂಗಡಿ. ಕೆಟ್ಟ ಮನುಷ್ಯನಲ್ಲ. ಬಡವರ ಮಕ್ಕಳ ಫೀ ಕಟ್ಟಿದವನು, ಯಾರದೇ ಮಣ್ಣಿಗೂ ತಪ್ಪದೆ ಬರುವವನು. ಹನುಮವ್ವನ ಹೊಟ್ಟೆ ಉರಿಸಿದ್ದೇ ಅದು. ಕಳ್ಳನಾಗಿದ್ದರೆ ಕಳ್ಳ ಎಂದು ಬೈದು ಹಗುರಾಗಬಹುದಿತ್ತು.

"ಬ್ಯಾರೆ ಮಂದೀದು ನೋಡ್ರಿ, ಗಾರ್ಡನ್ ಇದ್ದಂಗ ಅದಾವ," ಎಂದು ಅವನು ಕಮಿಟಿಯಲ್ಲಿ ಹೇಳಿದ. "ನಮ್ಮದು ಅಡವಿ ಆಗೇತಿ. ಎಲ್ಲಿ ನೋಡಿದಲ್ಲಿ ಕಸ, ತಗ್ಗು, ಹುಳ. ಒಬ್ಬ ಕಾಂಟ್ರಾಕ್ಟರ್ ಅದಾನ, ಧರ್ಮಕ್ಕ ಮಾಡಿಕೊಡ್ತಾನಂತ."

ಎಲ್ಲರೂ ತಲೆಯಾಡಿಸಿದರು. ಹನುಮವ್ವ ಆ ಹೊತ್ತಿನಲ್ಲಿ ಊರಿಗೆ ಹೋಗಿದ್ದಳು. ತಂಗಿ ಮಲ್ಲವ್ವನಿಗೆ ಆಪರೇಷನ್ ಆಗಿ, ಅವಳ ಆರೈಕೆಗೆ ತಿಂಗಳುಗಟ್ಟಲೆ ಅಲ್ಲೇ ನಿಲ್ಲಬೇಕಾಯಿತು.

ತಿರುಗಿ ಬಂದ ಬೆಳಿಗ್ಗೆ ತಲೆಯ ಮೇಲೆ ಜೋಳದ ಚೀಲ ಹೊತ್ತುಕೊಂಡು ಅವಳು ಗೇಟಿನ ಮುಂದೆ ನಿಂತಳು. ಬೇರೆ ಯಾರದೋ ಜಾಗಕ್ಕೆ ಬಂದೆನೇನೋ ಎನಿಸಿತು. ನೆಲ ರೋಲರ್ ಹೊಡೆದು ಚಪ್ಪಟೆಯಾಗಿತ್ತು, ಹಳದಿ ಮಿಶ್ರಿತ ಬೂದು ಬಣ್ಣ. ನಡುವೆ ಪೇವರ್ ಬ್ಲಾಕಿನ ದಾರಿ. ಕಟ್ಟೆ ಕಟ್ಟಿದ ಸಮಾಧಿಗಳು ಮಾತ್ರ ಬಾಯಲ್ಲಿ ಉಳಿದ ಹಲ್ಲಿನಂತೆ ಅಲ್ಲಲ್ಲಿ ನಿಂತಿದ್ದವು. ಮೊಳದ ಕರಿಮಣ್ಣು ಎಲ್ಲೂ ಇರಲಿಲ್ಲ. ಬಿಲ್ವದ ಮರ ನಿಂತಿತ್ತು, ಆದರೆ ಒಂದು ಬದಿಯ ಬೇರು ಕಿತ್ತು ಹೊರಬಿದ್ದು ಒಣಗಿತ್ತು. ಖಂಡಪ್ಪನ ಮೇಲಿಟ್ಟ ಕಲ್ಲು ಕಾಂಪೌಂಡಿನ ಗೋಡೆಗೆ ಒರಗಿಸಿದ ಹಳೆಯ ಇಟ್ಟಿಗೆಗಳ ನಡುವೆ ಬಿದ್ದಿತ್ತು.

ಜೋಳದ ಚೀಲ ಅವಳ ತಲೆಯಿಂದ ಜಾರಿತು. ಅವಳು ಅದನ್ನು ಎತ್ತಲೂ ಇಲ್ಲ. ನೇರ ಸ್ಟೇಷನ್ನಿಗೆ ನಡೆದು ಲೋಕಲ್ ಹತ್ತಿ ಮುಲುಂಡ್‌ನಲ್ಲಿಳಿದು ಗುರುಬಸವನ ಅಂಗಡಿಗೆ ನುಗ್ಗಿದಳು. ಗಿರಾಕಿಗಳು ಸೀರೆ ಬಿಡಿಸಿ ನೋಡುತ್ತಿದ್ದರು.

"ನನ್ನ ಗಂಡ ಎಲ್ಲಿ?"

ಗುರುಬಸವ ಗಾಬರಿಯಾದ. "ಏನಾತ್ ಹನುಮವ್ವಾ? ಕೂಡ್ರು, ನೀರು ಕುಡಿ."

"ನೀರು ಒಯ್ದು ಬಾವಿಗ್ ಹಾಕ್ರಿ. ನಲವತ್ತು ವರ್ಷದ ಮಣ್ಣು ಎಲ್ಲಿ ಒಯ್ದ್ರಿ? ಅದರಾಗ ನನ್ನ ಗಂಡ ಇದ್ದ. ನಿಮ್ಮ ಕಾಕಾ ಇದ್ದ. ಎಲ್ಲಿ ಸುರುವೀರಿ ಅವರನ್ನ?"

"ನಾ ಎಲುಬು ಮುಟ್ಟಬ್ಯಾಡ್ರಿ ಅಂತ ಹೇಳಿದ್ದೆ. ಮ್ಯಾಲಿನ ಮಣ್ಣಷ್ಟs ತಗದಾರ. ತಗದದ್ದಕ್ಕಿಂತ ಎರಡು ಪಟ್ಟು ಹಾಕಿಸೀನಿ. ಮಣ್ಣಂದ್ರ ಮಣ್ಣು, ಅದರಾಗ ಏನೈತಿ?"

ಹನುಮವ್ವ ಸೆರಗಿನ ಗಂಟು ಬಿಚ್ಚಿ ಹೊರಡುವಾಗ ರುದ್ರಭೂಮಿಯ ನೆಲದಿಂದ ಕಟ್ಟಿಕೊಂಡಿದ್ದನ್ನು ಅವನ ಗಾದಿಯ ಮೇಲೆ ಸುರಿದಳು. ಟೈಲ್ಸಿನ ಚೂರು, ತಂತಿಯ ತುಂಡು, ಸಿಮೆಂಟಿನ ಹೆಂಟೆ, ಕಲ್ಲಿನಂತೆ ಗಟ್ಟಿಯಾದ ಜೇಡಿ.

"ಇದಕ್ಕ ಮಣ್ಣಂತೀರಿ? ಇದರಾಗ ಒಂದು ಇರಿವಿ ತೋರಸ್ರಿ, ನಾ ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ಬಿಳಿ ಗಾದಿ ಝಾಡಿಸಿದ. ಮುಖ ಕೆಂಪಗಾಗಿತ್ತು. "ಹಳೀ ಮಂದಿ ನೀನು, ನಿನಗ ತಿಳ್ಯಂಗಿಲ್ಲ. ಚಂದ ಆಗೇತಿ ಅಂತ ಊರೆಲ್ಲ ಅನ್ನಾಕತ್ತೇತಿ."

ಊರು ನಿಜವಾಗಿಯೂ ಹಾಗೇ ಅನ್ನುತ್ತಿತ್ತು. ಅವಳು ವಾಪಸು ಬಂದು ಗಂಡನ ಕಲ್ಲನ್ನು ಕೋಣೆಯೊಳಗೆ ಒಲೆಯ ಪಕ್ಕ ಇಟ್ಟುಕೊಂಡಳು. ಕಾಂಟ್ರಾಕ್ಟರನ ಫೋನ್ ನಂಬರ್ ಕೊಡಿ ಎಂದು ಕಮಿಟಿಯವರನ್ನು ಕೇಳಿದಳು. ಯಾರೂ ಕೊಡಲಿಲ್ಲ.

ಜೂನ್ ಬಂತು. ಮೊದಲ ಮಳೆಗೇ ಹೊಸ ನೆಲ ತನ್ನ ಗುಣ ತೋರಿಸಿತು. ನೀರು ಕೆಳಗಿಳಿಯದೆ ಹಾಗೇ ನಿಂತಿತು. ಮಳೆ ಬಿಟ್ಟ ಮೇಲೆ ಹಪ್ಪಳದಂತೆ ಬಿರಿದು ಗಟ್ಟಿಯಾಯಿತು, ಮತ್ತೆ ಮಳೆ ಬಂದಾಗ ಮತ್ತೆ ನಿಂತಿತು. ಗುರುಬಸವ ನೆಡಿಸಿದ ಗುಲಾಬಿ ಗಿಡಗಳು ಬುಡ ಕೊಳೆತು ಬಾಗಿದವು. ಆ ಮಳೆಯಲ್ಲೇ ಶೆಟ್ಟೆಪ್ಪ ತೀರಿಕೊಂಡ. ಹಿಂದೊಮ್ಮೆ ಮಿಲ್ಲಿನಲ್ಲಿ ದುಡಿದು ರಿಟೈರ್ ಆಗಿ ಭಾಂಡುಪ್‌ನ ಚಾಳಿನಲ್ಲಿದ್ದವನು. ಅವನನ್ನು ಕುಣಿಯಲ್ಲಿ ಕೂರಿಸುವಾಗ ತಳದಲ್ಲಿ ನೀರು ಒಸರುತ್ತಿತ್ತು. ಹನುಮವ್ವ ಬಕೆಟ್ಟಿನಿಂದ ನೀರು ತೋಡಿ ಹಾಕಿದಳು, ಹಲ್ಲು ಕಚ್ಚಿಕೊಂಡು.

ಅವನ ಹೆಂಡತಿ ರಾಚವ್ವ ಪ್ರತಿ ಸೋಮವಾರ ಬಿಲ್ವಪತ್ರಿ ಹಿಡಿದು ಬರುತ್ತಿದ್ದಳು. ಸಮಾಧಿ ದಿನೇ ದಿನೇ ಕುಸಿಯುತ್ತಿತ್ತು. ಅದರ ಮೇಲೆ ನಿಂತ ನೀರು ಹಸಿರುಗಟ್ಟಿತು. ದೀಪಾವಳಿ ಕಳೆದ ಮೇಲೂ ನೀರು ಆರದಿದ್ದಾಗ, "ನಮ್ಮವರನ್ನ ಹೊಂಡದಾಗ ಇಡಾಕ ನನ್ನ ಮನಸ್ಸು ಒಪ್ಪಂಗಿಲ್ಲ. ಒಣ ಜಾಗಕ್ಕ ಕೂಡ್ರಸ್ರಿ," ಎಂದು ಹಟ ಹಿಡಿದಳು. ಕಮಿಟಿ ಒಪ್ಪಿತು. ಪೂಜೆಗೆ ಐನೋರು ಬಂದರು. ರಾಚವ್ವನ ಜೊತೆ ಅವಳ ಮಗಳು ವಂದನಾ ಬಂದಳು. ಮುಲುಂಡ್‌ನ ಶಾಲೆಯೊಂದರಲ್ಲಿ ಭೂಗೋಳ ಕಲಿಸುವವಳು ಅವಳು.

ಕುಣಿ ತೆರೆದ ಆಳು ಸಲಿಕೆ ಅಲ್ಲೇ ಬಿಟ್ಟು ಮೇಲೆ ಹತ್ತಿ ದೂರ ಹೋಗಿ ನಿಂತ. ಹನುಮವ್ವ ಇಣುಕಿ ನೋಡಿದಳು. ಶೆಟ್ಟೆಪ್ಪ ಕೂರಿಸಿದಂತೆಯೇ ಕೂತಿದ್ದ. ಕೊರಳಿನ ಚೆಂಡುಹೂವಿನ ಹಾರ ಇನ್ನೂ ಹಳದಿಯಾಗಿತ್ತು. ಹೊದಿಸಿದ ಶಾಲಿನ ಅಂಚು ಕೂಡ ಬಣ್ಣ ಬಿಟ್ಟಿರಲಿಲ್ಲ.

ರಾಚವ್ವ ಅಳಲಿಲ್ಲ. ಹನುಮವ್ವನತ್ತ ತಿರುಗಿ ಎರಡೂ ಕೈಯಿಂದ ಅವಳ ತೋಳು ಹಿಡಿದು ಅಲುಗಾಡಿಸಿದಳು.

"ಏನ್ ಮಾಡೀ ನನ್ನ ಗಂಡಗ? ದುಡುದು ದುಡುದು ಸಣ್ಣಾಗಿದ್ದ. ಮಣ್ಣಾಗರೆ ಹೋಗಲಿ ಅಂತ ನಿನ್ನ ಕೈಯಾಗ ಕೊಟ್ಟೆ. ಮಣ್ಣಾಗಾಕೂ ಬಿಡಲಿಲ್ಲಲ್ಲ ನೀನು!"

ಯಾರ ಬಾಯಿಗೂ ಸೋಲದ ಹನುಮವ್ವ ಆ ದಿನ ತೋಳು ಬಿಡಿಸಿಕೊಳ್ಳಲೂ ಇಲ್ಲ. ಕಣ್ಣಲ್ಲಿ ನೀರು ಬಂತು, ಅದು ಸಿಟ್ಟಿನದೋ ನಾಚಿಕೆಯದೋ ಅವಳಿಗೇ ತಿಳಿಯಲಿಲ್ಲ. ಸುತ್ತ ನಿಂತವರು ಪಿಸುಗುಟ್ಟಿದರು. ಕುಣಿ ಆಳ ಸಾಲದೇನೋ, ಈ ಹೆಂಗಸಿಗೆ ವಯಸ್ಸಾಯಿತು, ಬೇರೆಯವರನ್ನು ನೇಮಿಸಬೇಕು. ಗುರುಬಸವ ಕುಣಿಯೊಳಗೆ ಒಮ್ಮೆ ನೋಡಿ ಹಿಂದೆ ಸರಿದು ನಿಂತ.

ಎಲ್ಲರೂ ಹೋದ ಮೇಲೆ ವಂದನಾ ಉಳಿದಳು. ಶೆಟ್ಟೆಪ್ಪನನ್ನು ಗೋಡೆಯ ಪಕ್ಕದ ಎತ್ತರದಲ್ಲಿ ಮತ್ತೆ ಕೂರಿಸಿ ಆಗಿತ್ತು. ಅವಳು ಹಳೆಯ ಕುಣಿಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಹೆಂಟೆ ಮುರಿಯಲು ನೋಡಿದಳು. ಮುರಿಯಲಿಲ್ಲ.

"ಇದು ಎಲ್ಲೋ ಬಿಲ್ಡಿಂಗ್ ಪಾಯಾ ತಗದದ್ದು, ಮೌಶಿ. ಭಾಳ ಕೆಳಗಿಂದು. ಬಿಸಿಲು ಕಂಡಿಲ್ಲ, ಬೇರು ಕಂಡಿಲ್ಲ. ಇನ್ನೂ ಮಣ್ಣಾಗಿಲ್ಲ ಇದು."

"ಹಂಗಂದ್ರ?"

"ಕಲ್ಲು ಪುಡಿ ಆಗೂದು ಅರ್ಧಾ ಕೆಲಸ ಅಷ್ಟs. ಆ ಪುಡಿಯಾಗ ಎಲಿ ಬೀಳಬೇಕು, ಹುಳ ಸಾಯಬೇಕು, ಬೇರು ಕೊಳೀಬೇಕು. ಕಣ್ಣಿಗೆ ಕಾಣದ ಜೀವ ಅದನ್ನ ತಿಂದು ಗಿಡಕ್ಕ ವಾಪಸ್ ಕೊಡತಾವ. ಆ ಜೀವಕ್ಕ ಉಸಿರು ಬೇಕು, ಮಣ್ಣಿನಾಗ ಸಣ್ಣ ಸಣ್ಣ ತೂತು ಇರಬೇಕು. ಇಲ್ಲಿ ರೋಲರ್ ಹೊಡದು ಎಲ್ಲಾ ಬಂದ್ ಮಾಡ್ಯಾರ. ಮ್ಯಾಲ ನೀರು ನಿಂತು ಗಾಳಿ ಹೋಗ್ಯದ. ಅಪ್ಪನ್ನ ತಿನ್ನೋರs ಇಲ್ಲ ಇಲ್ಲಿ."

ಹನುಮವ್ವ ಆ ಹೆಂಟೆಯನ್ನು ಇಸಕೊಂಡು ತಿರುಗಿಸಿ ನೋಡಿದಳು. "ನಮ್ಮೂರಾಗ ಮಣ್ಣು ತಾನಾಗೇ ಇರ್ತದ ಅಂತ ತಿಳಿದಿದ್ದೆ ನಾ."

"ನಿಮ್ಮ ಡೋಣಿ ಎರಿ ಮಣ್ಣೂ ಇದೇ ಕರಿಕಲ್ಲಿನಿಂದs ಆಗಿದ್ದು. ಇಲ್ಲಿಂದ ಅಲ್ಲೀತನಕ ಒಂದೇ ಕಲ್ಲು. ಒಂದು ಬೊಟ್ಟು ಮಣ್ಣಾಗಾಕ ನೂರಾರು ವರ್ಷ ಬೇಕು. ನೀವು ಕೊಟ್ಟು ಕೊಟ್ಟು ಜಲ್ದಿ ಮಾಡಿದ್ರಿ." ವಂದನಾ ಕೈ ಒರೆಸಿಕೊಂಡಳು. "ಇನ್ನೊಂದು ಹೇಳ್ಲಿ? ಕುಣಿಗೆ ಉಪ್ಪು ಸುರೀತಾರಲ್ಲ, ಅದೂ ಜೀವಾನ ಕೊಲ್ಲತದ. ಬ್ಯಾಡ ಅನ್ರಿ."

"ಹಿರ್‍ಯಾರು ಮಾಡಿಕೊಂಡು ಬಂದದ್ದು. ನೀ ಹೇಳಿದ್ದೆಲ್ಲ ಕೇಳಾಕ ಆಗೂದಿಲ್ಲ," ಎಂದು ಹನುಮವ್ವ ರೇಗಿದಳು. ಉಪ್ಪಿನ ವಿಷಯದಲ್ಲಿ ಇಬ್ಬರಿಗೂ ಇವತ್ತಿನವರೆಗೆ ಜಗಳ ಮುಗಿದಿಲ್ಲ.

ಆದರೆ ನೂರಾರು ವರ್ಷ ಎಂಬ ಮಾತು ಅವಳೊಳಗೆ ಉರಿಯತೊಡಗಿತು. ನೂರಾರು ವರ್ಷ ಬೇಕಾದದ್ದನ್ನು ಒಂದು ಯಂತ್ರ ಬಂದು ಒಂದು ಹಗಲಲ್ಲಿ ಗೋರಿಕೊಂಡು ಹೋಗಿದೆ. ಎಲ್ಲಿಗೆ? ಯಾರೂ ಕಸಕ್ಕೆ ಹಾಕಲು ಅಷ್ಟು ಕಷ್ಟಪಟ್ಟು ಒಯ್ಯುವುದಿಲ್ಲ.

ಮರುದಿನವೇ ಅವಳು ಹುಡುಕಲು ಹೊರಟಳು. ರುದ್ರಭೂಮಿಯಲ್ಲಿ ಸುರಿದಂಥದೇ ಹಳದಿ ಜೇಡಿ ಮೆತ್ತಿಕೊಂಡ ಡಂಪರುಗಳು ಹಳೆಯ ಕಾರ್ಖಾನೆಗಳ ಓಣಿಯಿಂದ ಬರುತ್ತಿದ್ದವು. ರಸ್ತೆಯ ಮೇಲೆ ಬಿದ್ದ ಹೆಂಟೆ ನೋಡಿಕೊಂಡು ಅವಳು ಒಂದು ಸೈಟ್ ಮುಟ್ಟಿದಳು. ನೆಲದೊಳಗೆ ದೊಡ್ಡ ಗುಂಡಿ, ಸುತ್ತ ತಗಡಿನ ಬೇಲಿ. ತಲೆಗೆ ಹಳದಿ ಟೋಪಿ ಹಾಕಿದ ಸೂಪರ್‌ವೈಸರ್ ಒಬ್ಬ ಫೋನಿನಲ್ಲಿ ತುಳು ಮಾತಾಡುತ್ತಿದ್ದ. ಹೆಸರು ಸುಕೇಶ್, ಉಡುಪಿ ಕಡೆಯವನು. ಕನ್ನಡ ಕೇಳಿ ಅವನಿಗೆ ಖುಷಿಯಾಯಿತು.

"ಸ್ಮಶಾನದ ಕೆಲಸವಾ? ಅದು ನಾವೇ ಮಾಡಿದ್ದು ಅಮ್ಮ. ಬೇಸ್‌ಮೆಂಟಿನ ಮಣ್ಣು ಹಾಕ್ಲಿಕ್ಕೆ ಜಾಗ ಇರ್ಲಿಲ್ಲ ಮಾರಾಯ್ರೆ, ದೇವ್ರು ಕೊಟ್ಟ ಹಾಗೆ ಆಯ್ತು."

"ಅಲ್ಲಿಂದ ತಗದ ಮಣ್ಣು?"

"ಅದಾ! ಫಸ್ಟ್ ಕ್ಲಾಸ್ ಮಣ್ಣು. ಅಂಥದ್ದು ಬೊಂಬಾಯಲ್ಲಿ ಎಲ್ಲುಂಟು? ಮುಲುಂಡಿನ ಟವರಿನ ಗಾರ್ಡನ್‌ಗೆ ಹೋಯ್ತು. ಹೋಗಿ ನೋಡಿ, ಎಂಥ ಲಾನ್ ಬಂದಿದೆ ಗೊತ್ತುಂಟಾ?" ಅವನು ಹೆಮ್ಮೆಯಿಂದ ವಿಳಾಸವನ್ನೂ ಹೇಳಿದ.

ಹನುಮವ್ವ ಅವನ ಮುಖವನ್ನೇ ನೋಡಿದಳು. "ಆ ಮಣ್ಣು ಯಾರು ಅಂತ ಗೊತ್ತೈತೇನು ನಿನಗ?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ಟವರಿನ ಕಾವಲುಗಾರ ಅವಳನ್ನು ಕೆಲಸದವಳೆಂದು ತಿಳಿದು ಒಳಗೆ ಬಿಟ್ಟ. ಪಾರ್ಕಿಂಗಿನ ಮೇಲಿನ ಸ್ಲ್ಯಾಬಿನ ಮೇಲೆ ಮಾಡಿದ ತೋಟ ಅದು. ಹುಲ್ಲು ಹಸಿರಾಗಿ ಹಾಸಿತ್ತು. ದಾಸವಾಳ ಅಂಗೈ ಅಗಲ ಅರಳಿತ್ತು. ಮುದುಕರು ಬರಿಗಾಲಲ್ಲಿ ನಡೆಯುತ್ತಿದ್ದರು. ಹನುಮವ್ವ ಪಾತಿಯ ಅಂಚಿನಲ್ಲಿ ಕೂತು ಬೆರಳು ಚುಚ್ಚಿ ಒಂದು ಹಿಡಿ ಎತ್ತಿದಳು. ಕಪ್ಪಗೆ, ತಣ್ಣಗೆ, ಎರೆಹುಳ ಸಮೇತ ಬಂತು. ಚಹಾದ ಚರಟ ಇನ್ನೂ ಅಲ್ಲಲ್ಲಿ ಕಾಣುತ್ತಿತ್ತು. ಬಿಲ್ವದ ಒಂದು ಕಾಯಿಯ ಚಿಪ್ಪು ಕೂಡ ಇತ್ತು.

ಅವಳು ಅಲ್ಲಿಯೇ ಎದೆ ಬಡಿದುಕೊಂಡು ಕೂಗಿದಳು. ಬೈಗುಳವೂ ಅಳುವೂ ಬೆರೆತ ಆ ದನಿಗೆ ಬಾಲ್ಕನಿಗಳೆಲ್ಲ ತುಂಬಿದವು. ತೋಟದ ಉಸ್ತುವಾರಿ ನೋಡುವ ರೂಪಾಲಿ ಎಂಬ ಹುಡುಗಿ ಓಡಿ ಬಂದಳು. ಅವಳ ಅಜ್ಜಿ ಬೆಳಗಾವಿಯವಳು.

"ಆಂಟಿ, ಶಾಂತ್ ಆಗ್ರಿ. ನಂಗ ಕನ್ನಡ ಥೋಡಾ ಥೋಡಾ ಬರ್ತದ. ಕ್ಯಾ ಹುವಾ?"

"ಇದು ಭಾಂಡುಪ್ ರುದ್ರಭೂಮಿ ಮಣ್ಣು. ಹೆಣ ಹುಗಿದ ಮಣ್ಣು. ಇದರಾಗ ನನ್ನ ಗಂಡ ಅದಾನ. ನಿಮ್ಮ ಮುದುಕ ಬರಿಗಾಲಿಲೆ ತುಳಿಯಾಕತ್ತಾನ ನೋಡು!"

ರೂಪಾಲಿ ಬಿಳಿಚಿಕೊಂಡಳು. ಹಿಂದಿಯಲ್ಲಿ ಎಲ್ಲರಿಗೂ ಹೇಳಿದಳು. ಮುದುಕರು ಹಾರಿ ಕಲ್ಲಿನ ದಾರಿಗೆ ಬಂದರು. ಒಬ್ಬಾಕೆ ಮಗುವನ್ನು ಎತ್ತಿಕೊಂಡು ಲಿಫ್ಟಿಗೆ ಓಡಿದಳು. "ಛೀ, ಛೀ" ಎಂಬ ಮಾತು ಎಲ್ಲ ಕಡೆಯಿಂದ ಬಂತು. ಗಂಗಾಜಲ ತರಿಸಿ ಎಂದರು, ಇಡೀ ತೋಟ ಕಿತ್ತು ಬಿಸಾಡಿ ಎಂದರು.

ಆ "ಛೀ" ಹನುಮವ್ವನನ್ನು ಕೆಣಕಿತು. ನಿನ್ನೆಯವರೆಗೆ ಇದೇ ಮಣ್ಣಿನ ಹೂ ಕಿತ್ತು ದೇವರಿಗೆ ಏರಿಸಿದವರು.

"ಯಾಕ ಛೀ ಅಂತೀರಿ?" ಎಂದು ಅವರ ಮೇಲೇ ತಿರುಗಿಬಿದ್ದಳು. "ನೀವು ಉಣ್ಣೂ ಅನ್ನ ಎದರಾಗ ಬೆಳೀತದ? ಸತ್ತದ್ದು ಕೊಳೀಲಿಲ್ಲಂದ್ರ ಏನೂ ಬೆಳ್ಯಂಗಿಲ್ಲ. ಹೊಲದಾಗೂ ಸತ್ತದ್ದs ಇರ್ತದ. ನಮ್ಮವರು ಹೇಸಿಗಿ ಅಲ್ಲ. ಹೇಸಿಗಿ ಅಂದ್ರ ಕದ್ದು ತಂದದ್ದು. ಕೊಡ್ರಿ ನಮ್ಮ ಮಣ್ಣು!"

ರೂಪಾಲಿ ಅದನ್ನೂ ಹಿಂದಿಗೆ ತಿರುಗಿಸಲು ಹೋದಳು. ಕೇಳುವವರು ಉಳಿದಿರಲಿಲ್ಲ.

ಟವರಿನವರು ಕಾಂಟ್ರಾಕ್ಟರನ ಕುತ್ತಿಗೆ ಹಿಡಿದರು. ವಾರ ಕಳೆಯುವಷ್ಟರಲ್ಲಿ ಮಣ್ಣು ಎತ್ತುವ ಕೆಲಸ ಶುರುವಾಯಿತು. ಆದರೆ ಅದು ಹೋಗಬೇಕಾಗಿದ್ದು ಸಮುದ್ರದ ಖಾಡಿಯ ಕೆಸರಿಗೆ. ದೂರದಲ್ಲಿ ಯಾರಿಗೂ ಕಾಣದಂತೆ ಸುರಿದು ಬನ್ನಿ ಎಂದು ಅಪ್ಪಣೆಯಾಗಿತ್ತು. ಅವತ್ತೇ ಹನುಮವ್ವನ ನಂಬರ್ ಬರೆದುಕೊಂಡಿದ್ದ ರೂಪಾಲಿ ಫೋನ್ ಮಾಡಿ ಹೇಳಿದಳು. ಹನುಮವ್ವ ಬಂದಾಗ ಮೊದಲ ಡಂಪರ್ ತುಂಬಿ ಹೊರಡಲು ನಿಂತಿತ್ತು. ಅವಳು ಸೀರೆ ಎತ್ತಿ ಕಟ್ಟಿ ಡ್ರೈವರನ ಪಕ್ಕಕ್ಕೆ ಹತ್ತಿ ಕೂತಳು.

"ನಡಿ. ಭಾಂಡುಪ್‌ಗೆ."

ಡ್ರೈವರ್, ಅಲ್ಲೇ ನಿಂತು ಮಣ್ಣು ತುಂಬಿಸುತ್ತಿದ್ದ ಸುಕೇಶನ ಮುಖ ನೋಡಿದ. ಸುಕೇಶನಿಗೆ ಅಷ್ಟರಲ್ಲಿ ಆ ಮಣ್ಣು ಯಾರೆಂದು ಅರ್ಥವಾಗಿತ್ತು. ಕಂಪನಿಯ ಭಯವೂ ಇತ್ತು. "ಹೋಗಿ ಮಾರಾಯ್ರೆ, ಹತ್ತಿರ ಅಲ್ವಾ, ಡೀಸೆಲ್ ಉಳೀತದೆ," ಎಂದು ಮುಖ ತಿರುಗಿಸಿಕೊಂಡ.

ರುದ್ರಭೂಮಿಯ ಗೇಟಿನಲ್ಲಿ ಗುರುಬಸವ ಕೈ ಅಡ್ಡ ಹಿಡಿದು ನಿಂತಿದ್ದ. ಮುಲುಂಡ್ ತುಂಬ ಸುದ್ದಿ ಹಬ್ಬಿತ್ತು. ಅಂಗಡಿಗೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು.

"ಸಮಾಜದ ಮಾನ ಬೀದಿಗೆ ಹಾಕೀದಿ," ಎಂದು ಅವನು ಕಿರುಚಿದ. "ಒಳಗ ಬಂದು ಕೇಳಿದ್ರ ನಾ ನೋಡತಿದ್ದಿಲ್ಲೇನು? ಈ ಗಾಡಿ ಒಳಗ ಬರಂಗಿಲ್ಲ. ನೀ ಖೋಲಿ ಖಾಲಿ ಮಾಡು."

"ಅಂಗಡಿತನಕ ಬಂದು ಕೇಳೀನಿ. ಗಾದಿ ಝಾಡಿಸಿದಿರಿ."

ಹನುಮವ್ವ ಕೆಳಗಿಳಿಯುವ ಮುಂಚೆ ರಾಚವ್ವ ಚಾಳಿನ ಹೆಂಗಸರ ಜೊತೆ ಬಂದಳು. ಹನುಮವ್ವನತ್ತ ನೋಡಲಿಲ್ಲ. ಗುರುಬಸವನ ಎದುರಿಗೆ ಹೋಗಿ ನಿಂತಳು.

"ನನ್ನ ಗಂಡನ ಕೊರಳಾಗಿನ ಹೂ ಬಾಡಿರಲಿಲ್ಲ, ಅಧ್ಯಕ್ಷರ. ನೀವೂ ನೋಡೀರಿ ಅದನ್ನ. ಸರೀರಿ ಅತ್ತಾಗ."

ಅವನ ಕೈ ಇಳಿಯಿತು. ಹೆಂಗಸರೇ ಗೇಟು ತೆರೆದರು.

ಹೋದಷ್ಟು ಮಣ್ಣು ಬರಲಿಲ್ಲ. ಬಂದದ್ದರಲ್ಲಿ ತೆಂಗಿನ ನಾರು, ಪ್ಲಾಸ್ಟಿಕ್ ಜಾಳಿಗೆ, ಲಾನಿನ ಬೇರು ಬೆರೆತಿತ್ತು. ಇಡೀ ಜಾಗಕ್ಕೆ ಸುರಿದ ಕಟ್ಟಡದ ಕಸ ಎತ್ತಿಸಲು ಸಮಾಜ ಮುಂದೆ ಬರಲಿಲ್ಲ. ಬಿಲ್ವದ ಕಡೆಯ ಒಂದು ಭಾಗವನ್ನಷ್ಟೇ ಕೆದರಿ, ಹಳದಿ ಜೇಡಿ ತೆಗೆದು, ಅಲ್ಲಿ ಕರಿಮಣ್ಣು ಹರಡಿದರು. ಖಂಡಪ್ಪ ಅದರಲ್ಲಿ ಎಷ್ಟು ಬಂದ, ಎಷ್ಟು ಮುಲುಂಡ್‌ನಲ್ಲಿ ಉಳಿದ ಎಂದು ಹೇಳುವವರಾರು? ಹನುಮವ್ವ ಕಲ್ಲನ್ನು ಕೋಣೆಯಿಂದ ತಂದು ಅಂದಾಜಿನ ಮೇಲೆ ಇಟ್ಟಳು. ಇಡುವಾಗಲೂ ಬೈಯುತ್ತಿದ್ದಳು. ಶೆಟ್ಟೆಪ್ಪನನ್ನು ಮತ್ತೆ ಎಬ್ಬಿಸಿ ಮೂರನೆಯ ಸಲ ಆ ಮಣ್ಣಿನಲ್ಲಿ ಕೂರಿಸಿದರು. ರಾಚವ್ವ ಹನುಮವ್ವನ ಬಳಿ ಕ್ಷಮೆ ಕೇಳಲಿಲ್ಲ. ಮನೆಯ ಕಾಯಿಪಲ್ಲೆ ಸಿಪ್ಪೆಯ ಬುಟ್ಟಿ ತಂದು ಅವಳ ಬಾಗಿಲಲ್ಲಿ ಇಡತೊಡಗಿದಳು. ಚಾಳಿನ ಉಳಿದವರೂ ತಂದರು.

ಸಮಾಜದ ಸಭೆಯಲ್ಲಿ ಹನುಮವ್ವನನ್ನು ತೆಗೆಯುವ ಮಾತು ಬಂತು. ಹೆಂಗಸರು ಎದ್ದು ನಿಂತರು, ಮಾತು ಮುಂದಿನ ಸಭೆಗೆ ಹೋಯಿತು. ಗುರುಬಸವ ಅಧ್ಯಕ್ಷನಾಗಿಯೇ ಉಳಿದ. ಅವನು ಬಂದಾಗ ಅವಳು ಎದ್ದು ನಿಲ್ಲುವುದನ್ನು ಬಿಟ್ಟಳು. ಅವನು ನಮಸ್ಕಾರ ಎಂದರೆ ಬುಟ್ಟಿ ಎತ್ತಿಕೊಂಡು ಹಿಂದಕ್ಕೆ ಹೋಗುತ್ತಿದ್ದಳು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಗುರುಬಸವನ ತಾಯಿ ತೀರಿಕೊಂಡಳು. ಬೆಳಿಗ್ಗೆಯೇ ಅವನು ಒಬ್ಬನೇ ಬಂದ. ತಲೆ ಬಾಚಿರಲಿಲ್ಲ, ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟಿದ್ದ. ಹನುಮವ್ವ ಎಲೆ ಗುಡಿಸುತ್ತಿದ್ದಳು.

"ಹನುಮವ್ವಾ, ಅವ್ವಗ..." ಎಂದು ನಿಲ್ಲಿಸಿದ. ಆಮೇಲೆ ಬಿಲ್ವದ ಕಡೆ ನೋಡಿದ. "ಆ ಕಡೆ ಕೂಡ್ರಸಾಕ ಆಕ್ಕೈತೇನು?"

ಅವಳಿಗೆ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಪೊರಕೆಯನ್ನು ಅವನ ಕಾಲ ಹತ್ತಿರ ಎಸೆದಳು.

"ಗಾರ್ಡನ್ ಮಾಡೀರಲ್ಲ ನೀವು, ಅಲ್ಲಿ ಕೂಡ್ರಸ್ರಿ! ಪೇವರ್ ಬ್ಲಾಕ್ ಐತಿ, ಚಂದ ಐತಿ, ಊರೆಲ್ಲ ಹೊಗಳಾಕತ್ತೇತಿ. ಮಣ್ಣಂದ್ರ ಮಣ್ಣು ಅಂದವರು ನೀವs ಅಲ್ಲೇನು? ನಿಮ್ಮವ್ವಗ ಮಾತ್ರ ಕರಿಮಣ್ಣು ಬೇಕಾತೇನು?"

ಅವನು ಬಗ್ಗಿ ಪೊರಕೆ ಎತ್ತಿ ಮರಕ್ಕೆ ಒರಗಿಸಿದ. ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ. ಹನುಮವ್ವ ಇನ್ನೂ ಬೈದಳು. ಉಸಿರು ಕಟ್ಟುವವರೆಗೆ ಬೈದಳು. ಆಮೇಲೆ ಸಲಿಕೆ ತಂದು ಬಿಲ್ವದ ಆಚೆ ಬದಿಯಲ್ಲಿ ಗೆರೆ ಎಳೆದಳು.

"ನಿಮ್ಮವ್ವ ಏನ್ ತಪ್ಪು ಮಾಡ್ಯಾಳ? ಆಕಿ ಇಲ್ಲೇ ಕೂಡ್ರಲಿ. ಆದ್ರ ಆಳು ಬರೂತನಕ ನೀವs ತೋಡ್ರಿ. ಇದರಾಗ ಇನ್ನೂ ನಿಮ್ಮ ಜೇಡಿ ಹೆಂಟಿ ಅದಾವ. ಒಂದೊಂದನ್ನೂ ಕೈಯಿಂದ ಆರಿಸಿ ತಗೀರಿ."

ಗುರುಬಸವ ಧೋತರ ಎತ್ತಿ ಕಟ್ಟಿ ಕೆಳಗೆ ಕೂತ. ಅವಳು ಮರದ ನೆರಳಲ್ಲಿ ನಿಂತು, ಅವನು ಬಿಟ್ಟುಹೋದ ಹೆಂಟೆಗಳನ್ನು ಕಾಲಿನಿಂದ ತೋರಿಸುತ್ತಾ, ಗೊಣಗುತ್ತಲೇ ಇದ್ದಳು.